ಮರುಭೂಮಿಯ ಮನೆಯಂಗಳಕ್ಕೆ ಸ್ವಯಂಚಾಲಿತ ನೀರು: ದುಬೈ–ಅಬುಧಾಬಿಯ ಸ್ಪ್ರಿಂಕ್ಲರ್ ನಿಯಂತ್ರಕ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಪ್ರಶ್ನೆ

ಯುಎಇಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಹಳಷ್ಟು ಊರಿಗೆ ಹೊರಡುವುದು ಜುಲೈ–ಆಗಸ್ಟ್ ತಿಂಗಳ ಶಾಲಾ ರಜೆಯಲ್ಲಿ. ಮಂಗಳೂರು, ಉಡುಪಿ, ಕಾಸರಗೋಡಿನಲ್ಲಿ ಅದು ಆಟಿ ತಿಂಗಳ ಮಳೆಯ ಕಾಲ. ದುಬೈ, ಅಬುಧಾಬಿಯ ವಿಲ್ಲಾಗಳ ಅಂಗಳದಲ್ಲಿ ಅದೇ ಹೊತ್ತಿಗೆ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಗಿಡಗಳಿಗೆ ವರ್ಷದಲ್ಲೇ ಅತಿ ಹೆಚ್ಚು ನೀರು ಬೇಕಾದ ದಿನಗಳಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಎಸಿ ಆರಿಸಿ, ಬೇಡದ ಸ್ವಿಚ್ಚುಗಳನ್ನು ಇಳಿಸಿ, ಎಷ್ಟೋ ಮನೆಗಳಲ್ಲಿ ವೈಫೈ ರೂಟರ್‌ನ ಪ್ಲಗ್ಗನ್ನೂ ತೆಗೆದು ಹೋಗುತ್ತಾರೆ.

ಊರಲ್ಲಿ ಕುಳಿತು ಫೋನಿನಿಂದಲೇ ನಡೆಸಬಹುದಾದ ಸ್ಪ್ರಿಂಕ್ಲರ್ ನಿಯಂತ್ರಕ ಬೇಕೆಂಬ ಆಸೆ ಹುಟ್ಟುವುದು ಇಂಥ ಸಂದರ್ಭದಲ್ಲೇ. ಹವ್ಯಾಸಿಗಳು ಬಳಸುವ ಮೈಕ್ರೋಕಂಟ್ರೋಲರ್ ಬೋರ್ಡುಗಳು ಅಗ್ಗದಲ್ಲಿ ಸಿಗತೊಡಗಿದ ಮೇಲೆ ಇದನ್ನು ಮನೆಯಲ್ಲೇ ಕಟ್ಟುವುದು ಕಷ್ಟವಲ್ಲ. ಕಟ್ಟಿದ್ದು ಇಲ್ಲಿನ ಹವೆಗೆ, ಮಣ್ಣಿಗೆ, ಬದುಕಿಗೆ ಒಪ್ಪುವಂತಿರಬೇಕು ಎಂಬುದೇ ಕಷ್ಟದ ಭಾಗ. ಈ ಟಿಪ್ಪಣಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಒಂದು, ಅಂಥ ನಿಯಂತ್ರಕ ಯಾವ ಲೆಕ್ಕದ ಮೇಲೆ ನೀರು ಬಿಡಬೇಕು? ಎರಡು, ಆ ತೀರ್ಮಾನ ಅಂಗಳದ ಬೋರ್ಡಿನಲ್ಲಿರಬೇಕೋ, ದೂರದ ಸರ್ವರ್‌ನಲ್ಲಿರಬೇಕೋ? ಈ ನೆಲದಲ್ಲಿ ನೀರಿನ ಲೆಕ್ಕ ಋತುವನ್ನು ಅನುಸರಿಸಬೇಕು, ತೀರ್ಮಾನ ಮನೆಯೊಳಗೇ ಆಗಬೇಕು, ಕ್ಲೌಡ್ ಸಲಹೆಗಾರನ ಸ್ಥಾನದಲ್ಲಿ ಮಾತ್ರ ನಿಲ್ಲಬೇಕು ಎಂಬುದು ನನ್ನ ವಾದ.

ಈ ನೀರಿನ ಮೂಲ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ದುಬೈಯ ಸರಾಸರಿ 100 ಮಿ.ಮೀ.ಗೂ ಕಡಿಮೆ. ಇಲ್ಲಿನ ನಲ್ಲಿಗೆ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿ ಮಾಡಿದ ನೀರು. ದುಬೈಗೆ ಅದನ್ನು ಒದಗಿಸುವುದು 1992ರಲ್ಲಿ ಸ್ಥಾಪನೆಯಾದ ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರ, ಜನರ ಬಾಯಲ್ಲಿ ‘ದೇವಾ’. ಅದರ ಮುಖ್ಯ ಸ್ಥಾವರಗಳು ಜೆಬೆಲ್ ಅಲಿಯಲ್ಲಿವೆ. ಅಬುಧಾಬಿಯ ತವೀಲಾದಲ್ಲಿರುವ ರಿವರ್ಸ್ ಆಸ್ಮೋಸಿಸ್ ಸ್ಥಾವರದ ಸಾಮರ್ಥ್ಯ ದಿನಕ್ಕೆ 9 ಲಕ್ಷ ಘನ ಮೀಟರಿಗೂ ಹೆಚ್ಚು. ಈ ವಿಧಾನದಲ್ಲಿ ಸಮುದ್ರದ ನೀರಿನಿಂದ ಒಂದು ಘನ ಮೀಟರ್ ಸಿಹಿ ನೀರು ಪಡೆಯಲು ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಬೇಕು. ಹುಲ್ಲಿಗೆ ಬಿಟ್ಟ ಪ್ರತಿ ಲೀಟರಿನ ಹಿಂದೆ ಒಂದಿಷ್ಟು ಇಂಧನ ಉರಿದಿರುತ್ತದೆ.

ದೇವಾದ ವಸತಿ ದರಪಟ್ಟಿಯಲ್ಲಿ ನೀರಿಗೆ ಮೂರು ಹಂತಗಳಿವೆ. ತಿಂಗಳಿಗೆ 6000 ಗ್ಯಾಲನ್‌ವರೆಗೆ ಗ್ಯಾಲನ್ನಿಗೆ 3.5 ಫಿಲ್ಸ್, 12,000 ಗ್ಯಾಲನ್‌ವರೆಗೆ 4 ಫಿಲ್ಸ್, ಅದರ ಮೇಲೆ 4.6 ಫಿಲ್ಸ್. ಈ ಗ್ಯಾಲನ್ ಇಂಪೀರಿಯಲ್ ಗ್ಯಾಲನ್, ಅಂದರೆ 4.546 ಲೀಟರ್. ತೋಟವಿರುವ ವಿಲ್ಲಾ ಬೇಗ ಮೇಲಿನ ಹಂತಕ್ಕೆ ಏರುತ್ತದೆ.

ಈ ನೆಲಕ್ಕೆ ಹೊತ್ತು ನೋಡಿ ನೀರು ಹಂಚುವುದು ಹೊಸದಲ್ಲ. ಅಬುಧಾಬಿ ಎಮಿರೇಟ್‌ನ ಅಲ್ ಐನ್‌ನಲ್ಲಿ, ಹಿಲಿ ಎಂಬಲ್ಲಿ, ಸುಮಾರು 3000 ವರ್ಷ ಹಿಂದಿನ ಕಬ್ಬಿಣ ಯುಗದ ಫಲಜ್ ಸಿಕ್ಕಿದೆ. ಫಲಜ್ ಎಂದರೆ ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ ಇಳಿಜಾರಿನಲ್ಲೇ ತೋಟಕ್ಕೆ ಹರಿಸುವ ವ್ಯವಸ್ಥೆ. ಅಲ್ ಐನ್‌ನ ಓಯಸಿಸ್ಸುಗಳೂ ಪುರಾತನ ನೆಲೆಗಳೂ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಾಸರಗೋಡು, ಬಂಟ್ವಾಳದ ಕಡೆಯವರಿಗೆ ಇದು ಮುರಕಲ್ಲಿನ ಗುಡ್ಡ ಕೊರೆದು ನೀರು ತರುವ ಸುರಂಗವನ್ನು ನೆನಪಿಸುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಅಂಥ ಸುರಂಗಗಳನ್ನು ಒಬ್ಬರೇ ಕೊರೆದು ಗುಡ್ಡದಲ್ಲಿ ತೋಟ ಎಬ್ಬಿಸಿದ್ದಕ್ಕಾಗಿ. ಫಲಜ್‌ಗಳಿರುವ ಈ ಸೀಮೆಯಲ್ಲೂ ಪಕ್ಕದ ಒಮಾನಿನಲ್ಲೂ ನೀರಿನ ಪಾಲನ್ನು ಹೊತ್ತಿನ ಲೆಕ್ಕದಲ್ಲಿ ಹಂಚುತ್ತಿದ್ದರು. ಹಗಲಲ್ಲಿ ನೆರಳು, ರಾತ್ರಿ ನಕ್ಷತ್ರ ಆ ಹೊತ್ತನ್ನು ಹೇಳುತ್ತಿದ್ದವು. ಹೊತ್ತು ಅಳೆಯುವವನೂ ಕಾಲುವೆ ತಿರುಗಿಸುವವನೂ ಇದ್ದದ್ದು ತೋಟದಲ್ಲೇ.

ನೀರು ಎಷ್ಟು ಬೇಕು

ಮಣ್ಣಿನಿಂದ ಆವಿಯಾಗುವ ನೀರು, ಎಲೆಗಳು ಹೊರಬಿಡುವ ಆವಿ, ಇವೆರಡರ ಮೊತ್ತವನ್ನು ಕೃಷಿ ವಿಜ್ಞಾನದಲ್ಲಿ ಇಟಿ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವ ಪ್ರಮಾಣ ವಿಧಾನ ಪೆನ್‌ಮನ್–ಮಾಂಟೀತ್ ಸಮೀಕರಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ 56ನೇ ನೀರಾವರಿ ಕೈಪಿಡಿ ಅದನ್ನು ವಿವರಿಸುತ್ತದೆ. ಅದಕ್ಕೆ ಬಿಸಿಲು, ಗಾಳಿ, ತೇವಾಂಶ ಎಲ್ಲದರ ಅಳತೆಯೂ ಬೇಕು. ಮನೆಯ ಬೋರ್ಡಿಗೆ ಅಷ್ಟು ಸಾಮಗ್ರಿ ಸಿಗುವುದಿಲ್ಲ. ಅಳತೆಗಳಲ್ಲಿ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಎರಡೇ ಸಾಕಾಗುವ ಹಾರ್ಗ್ರೀವ್ಸ್ ಸಮೀಕರಣ ಇಲ್ಲಿ ಕೈಗೆಟಕುವ ದಾರಿ; ಅದು ಕೇಳುವ ಸೌರಶಕ್ತಿಯನ್ನು ಅಕ್ಷಾಂಶ ಮತ್ತು ದಿನಾಂಕದಿಂದಲೇ ಲೆಕ್ಕ ಹಾಕಬಹುದು.

ದುಬೈ ಇರುವುದು ಉತ್ತರಕ್ಕೆ 25.2 ಡಿಗ್ರಿ ಅಕ್ಷಾಂಶದಲ್ಲಿ. ಜುಲೈ ನಡುವಿನಲ್ಲಿ ಆ ಅಕ್ಷಾಂಶದ ವಾಯುಮಂಡಲದ ಮೇಲಂಚಿಗೆ ಬೀಳುವ ಸೌರಶಕ್ತಿ ದಿನಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 40 ಮೆಗಾಜೂಲ್; ಜನವರಿ ನಡುವಿನಲ್ಲಿ ಸುಮಾರು 24. ಜುಲೈಯ ಒಂದು ದಿನ ಗರಿಷ್ಠ 41, ಕನಿಷ್ಠ 31 ಡಿಗ್ರಿ ಎಂದಿಟ್ಟುಕೊಳ್ಳೋಣ. ಜನವರಿಯ ಒಂದು ದಿನ 24 ಮತ್ತು 14. ಸಮೀಕರಣಕ್ಕೆ ಹಾಕಿದರೆ ಜುಲೈಗೆ ದಿನಕ್ಕೆ 6.4 ಮಿ.ಮೀ., ಜನವರಿಗೆ 2.6 ಮಿ.ಮೀ. ಬರುತ್ತದೆ.

ಇಲ್ಲಿನ ಮನೆಯಂಗಳದ ಹುಲ್ಲು ಹೆಚ್ಚಾಗಿ ಉಪ್ಪು ತಾಳುವ ಪಾಸ್ಪಲಂ ಜಾತಿಯದು. ಅಂಥ ಬಿಸಿ ಹವೆಯ ಹುಲ್ಲಿಗೆ ಕೈಪಿಡಿ ಸೂಚಿಸುವ ಗುಣಾಂಕ 0.85. ಸ್ಪ್ರಿಂಕ್ಲರ್ ಎರಚಿದ ನೀರೆಲ್ಲ ಬೇರಿಗೆ ತಲುಪುವುದಿಲ್ಲವಾದ್ದರಿಂದ ದಕ್ಷತೆಯನ್ನು ಶೇ. 75 ಎಂದು ಹಿಡಿಯೋಣ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಆಗ 50 ಚದರ ಮೀಟರಿನ ಹುಲ್ಲುಹಾಸಿಗೆ ಜುಲೈಯಲ್ಲಿ ದಿನಕ್ಕೆ ಸುಮಾರು 363 ಲೀಟರ್, ಜನವರಿಯಲ್ಲಿ ಸುಮಾರು 147 ಲೀಟರ್ ಬೇಕು.

ಸಾಮಾನ್ಯ ಟೈಮರಿನ ತೊಂದರೆ ಈ ಎರಡು ಅಂಕಿಗಳ ನಡುವೆಯೇ ಇದೆ. ಬೇಸಿಗೆಯಲ್ಲಿ ಹುಲ್ಲು ಒಣಗಬಾರದೆಂದು ಯಾರೋ ಟೈಮರಿಗೆ 11 ನಿಮಿಷ ಹಾಕುತ್ತಾರೆ. ಜನವರಿಯಲ್ಲೂ ಅದು 11 ನಿಮಿಷ ಓಡುತ್ತದೆ. ದಿನಕ್ಕೆ 216 ಲೀಟರ್ ಬೇರಿನ ಆಚೆಗೆ ಇಳಿದು ಹೋಗುತ್ತದೆ; 30 ದಿನಕ್ಕೆ ಅದು ಸುಮಾರು 1425 ಗ್ಯಾಲನ್. ಮೇಲಿನ ಹಂತದ ದರದಲ್ಲಿ ಇದಕ್ಕೆ ಸುಮಾರು 66 ದಿರ್ಹಮ್ ತೆರಬೇಕು. ಅಷ್ಟು ನೀರನ್ನು ಸಮುದ್ರದಿಂದ ತೆಗೆಯಲು ಸುಮಾರು 19ರಿಂದ 26 ಯೂನಿಟ್ ವಿದ್ಯುತ್ ಖರ್ಚಾಗಿರುತ್ತದೆ. ಒಂದು ಸಣ್ಣ ಹುಲ್ಲುಹಾಸಿನ ಲೆಕ್ಕವೇ ಇಷ್ಟು.

ಹಾರ್ಗ್ರೀವ್ಸ್ ಸಮೀಕರಣಕ್ಕೆ ಮಿತಿಗಳಿವೆ. ಗಾಳಿ ಜೋರಾಗಿದ್ದಲ್ಲಿ ಅದು ಕಡಿಮೆ ತೋರಿಸುತ್ತದೆ, ತೇವಾಂಶ ಹೆಚ್ಚಿದ್ದಲ್ಲಿ ಹೆಚ್ಚು ತೋರಿಸುತ್ತದೆ ಎಂದು 56ನೇ ಕೈಪಿಡಿಯೇ ಎಚ್ಚರಿಸುತ್ತದೆ. ಶಮಾಲ್ ಎಂಬ ಜೋರು ಗಾಳಿ ಬೀಸುವ ದಿನ, ಆಗಸ್ಟಿನ ಒದ್ದೆ ರಾತ್ರಿ, ಎರಡೂ ಈ ಕರಾವಳಿಯಲ್ಲಿ ಇವೆ. ಒಂದು ದಿನದ ಅಂಕಿಗಿಂತ ಋತುವಿನಿಂದ ಋತುವಿಗೆ ಅದು ತೋರಿಸುವ ಅನುಪಾತವನ್ನು ಬಳಸಿಕೊಳ್ಳುವುದು ಉತ್ತಮ. ಜುಲೈಗೆ 100 ಎಂದಿಟ್ಟರೆ ಜನವರಿಗೆ 41. ಇಂಥ ಹನ್ನೆರಡು ಅಂಕಿಗಳ ಪಟ್ಟಿಯೊಂದು ಬೋರ್ಡಿನ ನೆನಪಿನಲ್ಲಿದ್ದರೆ, ಇಂಟರ್‌ನೆಟ್ ಇಲ್ಲದೆಯೂ ವ್ಯರ್ಥದ ದೊಡ್ಡ ಪಾಲು ನಿಲ್ಲುತ್ತದೆ.

ಪಟ್ಟಿಗೆ ಬೇಕಾದ ಒಂದು ಆಧಾರ ಅಂಕಿಯನ್ನು ಅಂಗಳದಲ್ಲೇ ಅಳೆಯಬಹುದು. ಒಂದೇ ಅಳತೆಯ, ನೇರ ಗೋಡೆಯ ಖಾಲಿ ಡಬ್ಬಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು 10 ನಿಮಿಷ ಸ್ಪ್ರಿಂಕ್ಲರ್ ಓಡಿಸಿ, ನಿಂತ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ನೋಡಿ, ಸರಾಸರಿಯನ್ನು 6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮಿ.ಮೀ. ಎಂದು ಗೊತ್ತಾಗುತ್ತದೆ. ನೆಲದಿಂದ ಮೇಲೆದ್ದು ಎರಚುವ ಸ್ಪ್ರೇ ಹೆಡ್‌ಗಳಲ್ಲಿ ಅದು ಸುಮಾರು 40 ಮಿ.ಮೀ. ಇರುತ್ತದೆ, ಮೇಲೆ ಹೇಳಿದ 11 ನಿಮಿಷ ಬಂದದ್ದು ಆ ದರದಿಂದ. ಡಬ್ಬಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಸರಿಪಡಿಸಬೇಕಾದ್ದು ಹೆಡ್‌ಗಳನ್ನು. ಕೊಳವೆಯ ದೋಷವನ್ನು ಯಾವ ಪ್ರೋಗ್ರಾಮೂ ತಿದ್ದಲಾರದು.

ಬೇರೆ ಹವೆಗೆ ಬರೆದ ಸೂತ್ರಗಳು

ಮುಕ್ತ ವಿನ್ಯಾಸದ ನಿಯಂತ್ರಕಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ರೇ ವಾಂಗ್ ಆರಂಭಿಸಿದ ಓಪನ್‌ಸ್ಪ್ರಿಂಕ್ಲರ್. ಅದರ ಮೂರನೇ ಪೀಳಿಗೆ ಇಎಸ್‌ಪಿ8266 ವೈಫೈ ಚಿಪ್ಪಿನ ಮೇಲೆ ನಿಂತಿದೆ. ಅದರಲ್ಲಿ ಬಹುಕಾಲದಿಂದ ಇರುವ ಝಿಮ್ಮರ್‌ಮನ್ ವಿಧಾನ 70 ಡಿಗ್ರಿ ಫ್ಯಾರನ್‌ಹೀಟ್ ಉಷ್ಣಾಂಶ, ಶೇ. 30 ತೇವಾಂಶ, ಮಳೆ ಇಲ್ಲದ ದಿನವನ್ನು ಶೇ. 100 ಎಂದು ಹಿಡಿಯುತ್ತದೆ. ಒಂದು ಡಿಗ್ರಿ ಏರಿದರೆ 4 ಅಂಶ ಕೂಡಿಸುತ್ತದೆ. ತೇವಾಂಶ ಒಂದು ಏರಿದರೆ 1 ಅಂಶ ಕಳೆಯುತ್ತದೆ.

ಇದಕ್ಕೆ ದುಬೈಯ ದಿನಗಳನ್ನು ಕೊಟ್ಟು ನೋಡಬೇಕು. ಸರಾಸರಿ 36 ಡಿಗ್ರಿ ಸೆಲ್ಸಿಯಸ್, ಶೇ. 55 ತೇವಾಂಶದ ಜುಲೈ ದಿನಕ್ಕೆ ಅದು ಸುಮಾರು ಶೇ. 182 ಎನ್ನುತ್ತದೆ. ಸರಾಸರಿ 19 ಡಿಗ್ರಿ, ಶೇ. 65 ತೇವಾಂಶದ ಜನವರಿ ದಿನಕ್ಕೆ ಸುಮಾರು ಶೇ. 50. ಬೇಸಿಗೆ–ಚಳಿಗಾಲದ ಅನುಪಾತ 3.6 ಆಯಿತು, ಹಾರ್ಗ್ರೀವ್ಸ್ ಕೊಟ್ಟದ್ದು ಸುಮಾರು 2.5. ಈ ಸೂತ್ರ ಬಿಸಿಲಿನ ಬಲವನ್ನು ಕೇಳುವುದೇ ಇಲ್ಲ, ತೇವಾಂಶಕ್ಕೆ ನೇರವಾಗಿ ದಂಡ ಹಾಕುತ್ತದೆ. ಆದ್ದರಿಂದ ಬೇಸಿಗೆಗೆ ಹೊಂದಿಸಿದರೆ ಚಳಿಗಾಲದಲ್ಲಿ ಗಿಡ ಬಾಯಾರಬಹುದು, ಚಳಿಗಾಲಕ್ಕೆ ಹೊಂದಿಸಿದರೆ ಬೇಸಿಗೆಯಲ್ಲಿ ನೀರು ಸೋರಬಹುದು. ಓಪನ್‌ಸ್ಪ್ರಿಂಕ್ಲರ್‌ಗೆ ನಂತರ ಇಟಿ ಆಧಾರಿತ ವಿಧಾನವೂ ಸೇರಿದೆ. ಕೊಲ್ಲಿಯಲ್ಲಿರುವವರು ಅದನ್ನೇ ಆಯ್ದುಕೊಳ್ಳಬೇಕು.

ಮಳೆ ಬಂದರೆ ನೀರು ನಿಲ್ಲಿಸುವ ಸೌಲಭ್ಯದ ಕತೆಯೂ ಇಷ್ಟೇ. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಗೂ ಕಡಿಮೆ ಹೊತ್ತಿನಲ್ಲಿ 254.8 ಮಿ.ಮೀ. ಮಳೆಯಾಯಿತು, 1949ರಲ್ಲಿ ದಾಖಲೆ ಇಡತೊಡಗಿದ ಮೇಲೆ ಅಷ್ಟು ಬಿದ್ದದ್ದು ಅದೇ ಮೊದಲು. ಅಂಥ ದಿನ ಯಂತ್ರ ಸುಮ್ಮನಿರಬೇಕು ನಿಜ. ಆದರೆ ವರ್ಷಕ್ಕೆ ಬೆರಳೆಣಿಕೆಯ ದಿನ ಮಳೆ ಕಾಣುವ ಊರಲ್ಲಿ ಅದರಿಂದ ಉಳಿಯುವ ನೀರು, ಋತುವಿಗೆ ತಕ್ಕಂತೆ ನಿಮಿಷ ಇಳಿಸಿ ಉಳಿಸುವ ನೀರಿನ ಮುಂದೆ ಅಲ್ಪ. ಮಂಗಳೂರಿನ ಅಂಗಳಕ್ಕೆ ನಿಯಂತ್ರಕ ಕಟ್ಟುವವರಿಗೆ ಮಳೆ ಸಂವೇದಕ ಮೊದಲ ಅಗತ್ಯ. ದುಬೈಯಲ್ಲಿ ಅದು ಕೊನೆಯದು.

ಮರಳು ಮತ್ತು ಉಪ್ಪು

ಎಷ್ಟು ಎಂಬುದರ ಜೊತೆಗೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಯಂತ್ರ ತಿಳಿದಿರಬೇಕು. ಮರಳು ಮಣ್ಣು ಗಿಡಕ್ಕೆ ಸಿಗುವಂತೆ ಹಿಡಿದಿಡುವ ನೀರು ಒಂದು ಮೀಟರ್ ಆಳಕ್ಕೆ 50ರಿಂದ 110 ಮಿ.ಮೀ. ಮಾತ್ರ. ಹುಲ್ಲಿನ ಬೇರು 20 ಸೆಂ.ಮೀ. ಇಳಿದಿದೆ ಎಂದರೆ ಅದರ ಪಾಲಿಗೆ 10ರಿಂದ 22 ಮಿ.ಮೀ.; ಗಿಡ ದಣಿಯುವ ಮೊದಲು ತೆಗೆದುಕೊಳ್ಳಬಹುದಾದದ್ದು ಅದರಲ್ಲಿ ಅರ್ಧ. ಜುಲೈಯಲ್ಲಿ ಹುಲ್ಲು ದಿನಕ್ಕೆ 5.4 ಮಿ.ಮೀ. ಕುಡಿಯುತ್ತದೆ. ಒಂದೆರಡು ದಿನಕ್ಕೆ ಮಣ್ಣಿನ ಉಗ್ರಾಣ ಬರಿದು. ಜನವರಿಯಲ್ಲಿ ಅದೇ ನೀರು ಎರಡರಿಂದ ಐದು ದಿನ ಬರುತ್ತದೆ.

ಇದರಿಂದ ವಿನ್ಯಾಸಕ್ಕೆ ಎರಡು ನಿಯಮ ಸಿಗುತ್ತವೆ. ಬೇಸಿಗೆಯಲ್ಲಿ ಒಮ್ಮೆಗೇ ದೀರ್ಘವಾಗಿ ಬಿಡುವುದಕ್ಕಿಂತ ನಸುಕಿನಲ್ಲಿ ಒಮ್ಮೆ, ಬಿಸಿಲಿಳಿದ ಮೇಲೆ ಒಮ್ಮೆ ಬಿಟ್ಟರೆ ನೀರು ಬೇರಿನ ಆಚೆಗೆ ಇಳಿಯುವುದು ತಪ್ಪುತ್ತದೆ. ಚಳಿಗಾಲದಲ್ಲಿ ನಿಮಿಷ ಕಡಿಮೆ ಮಾಡುವ ಜೊತೆಗೆ ನಡುವೆ ದಿನಗಳನ್ನೂ ಬಿಡಬೇಕು. ಇನ್ನೊಂದು ಮಾತು: ಬೇಸಿಗೆಯಲ್ಲಿ ಎರಡೇ ದಿನ ನೀರು ತಪ್ಪಿದರೂ ಹುಲ್ಲು ಹೋಗಬಹುದು. ಸಂಪರ್ಕ ಕಡಿದಾಗ ಕೈಕಟ್ಟಿ ಕೂರುವ ಯಂತ್ರ ಇಲ್ಲಿ ಸಲ್ಲದು.

ದೇವಾ ನೀರಿನಲ್ಲಿ ಲವಣ ಕಡಿಮೆ. ಉಪ್ಪಿನಂಶವಿರುವ ಬಾವಿ ನೀರು ಬಳಸುವ ತೋಟಗಳಲ್ಲಿ ಉಪ್ಪನ್ನು ಬೇರಿನ ಕೆಳಗೆ ತೊಳೆದು ಇಳಿಸಲು ಒಂದಿಷ್ಟು ಹೆಚ್ಚುವರಿ ನೀರು ಬೇಕು. ಅದಕ್ಕೂ ಸೂತ್ರವಿದೆ: ನೀರಿನ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 3 ಡೆಸಿಸೀಮೆನ್ಸ್, ಬೆಳೆ ತಾಳುವ ಮಣ್ಣಿನ ವಾಹಕತೆ 8 ಎಂದಾದರೆ ಹೆಚ್ಚುವರಿ ಸುಮಾರು ಶೇ. 8. ದುಬೈಯಲ್ಲಿ 1999ರಿಂದ ಇರುವ ಅಂತಾರಾಷ್ಟ್ರೀಯ ಲವಣಕೃಷಿ ಕೇಂದ್ರದ ಕೆಲಸವೇ ಇಂಥ ನೀರಿನಲ್ಲಿ ಬೆಳೆ ತೆಗೆಯುವುದರ ಅಧ್ಯಯನ. ಮನೆಯ ನಿಯಂತ್ರಕದಲ್ಲಿ ಇದಕ್ಕೆ ಒಂದು ಶೇಕಡಾ ಅಂಕಿ ಹಾಕುವ ಜಾಗ ಇಟ್ಟರೆ ಸಾಕು.

ಯಂತ್ರದ ಅಂಗಗಳು

ಚೀನಾದ ಶಾಂಘೈಯ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ 2014ರಲ್ಲಿ, ಇಎಸ್‌ಪಿ32 ಚಿಪ್ 2016ರಲ್ಲಿ ಬಂದವು. ವೈಫೈ ಒಳಗೇ ಇದೆ. ಆರ್ಡುಯಿನೊ ಪರಿಸರದಲ್ಲೇ ಪ್ರೋಗ್ರಾಂ ಬರೆಯಬಹುದು. ಎನ್‌ಕ್ರಿಪ್ಟ್ ಆದ ಸಂಪರ್ಕಕ್ಕೆ ಬೇಕಾದ ನೆನಪಿನ ಜಾಗ ಇಎಸ್‌ಪಿ32ರಲ್ಲಿ ಧಾರಾಳವಾಗಿದೆ, ಆದ್ದರಿಂದ ಹೊಸದಾಗಿ ಕಟ್ಟುವವರಿಗೆ ಅದೇ ಸೂಕ್ತ. ಎರಡೂ ಹಿಡಿಯುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ರೂಟರಿನಲ್ಲಿ ಆ ಬ್ಯಾಂಡ್ ತೆರೆದಿರಬೇಕು.

ವಿಲ್ಲಾದ ಗೋಡೆಯ ಬುಡದಲ್ಲಿ, ಹಸಿರು ಮುಚ್ಚಳದ ಪೆಟ್ಟಿಗೆಯೊಳಗೆ, ಸೊಲೆನಾಯ್ಡ್ ವಾಲ್ವ್‌ಗಳ ಸಾಲು ಇರುತ್ತದೆ. ಒಂದನ್ನು ಬಿಚ್ಚಿ ನೋಡಿದರೆ ಅದರ ಕೆಲಸ ಸ್ಪಷ್ಟವಾಗುತ್ತದೆ. ನಡುವೆ ರಬ್ಬರಿನ ಪರದೆ. ಪರದೆಯಲ್ಲಿರುವ ಒಂದು ಸೂಕ್ಷ್ಮ ರಂಧ್ರದಿಂದ ನೀರು ಮೇಲಿನ ಕೋಣೆಗೆ ಏರಿ, ತನ್ನದೇ ಒತ್ತಡದಿಂದ ಪರದೆಯನ್ನು ಕೆಳಗೆ ಒತ್ತಿ ದಾರಿ ಮುಚ್ಚಿರುತ್ತದೆ. ಸುರುಳಿಗೆ 24 ವೋಲ್ಟ್ ಎಸಿ ಕೊಟ್ಟಾಗ ಒಳಗಿನ ಕಬ್ಬಿಣದ ಕಡ್ಡಿ ಮೇಲೆದ್ದು ಕೋಣೆಯ ನೀರಿಗೆ ಹೊರದಾರಿ ಕೊಡುತ್ತದೆ. ಒತ್ತಡ ಇಳಿದು ಪರದೆ ಏಳುತ್ತದೆ. ವಿದ್ಯುತ್ ತೆಗೆದರೆ ಕೋಣೆ ಮತ್ತೆ ತುಂಬಿ, ಕೆಲವು ಕ್ಷಣಗಳಲ್ಲಿ ವಾಲ್ವ್ ಮುಚ್ಚುತ್ತದೆ. ವಿದ್ಯುತ್ ಹೋದರೆ ನೀರು ನಿಲ್ಲುವ ಈ ಗುಣವೇ ಇದರ ದೊಡ್ಡ ರಕ್ಷಣೆ. ಆದರೆ ಆ ಸೂಕ್ಷ್ಮ ರಂಧ್ರಕ್ಕೆ ಒಂದು ಮರಳ ಕಣ ಸಿಕ್ಕಿಕೊಂಡರೆ ಕೋಣೆ ತುಂಬುವುದಿಲ್ಲ, ವಾಲ್ವ್ ಮುಚ್ಚುವುದೂ ಇಲ್ಲ. ಫೋನಿನ ಪರದೆ ‘ಆಫ್’ ಎಂದು ತೋರಿಸುತ್ತಿರುವಾಗಲೇ ನೀರು ಹರಿಯುತ್ತಿರುತ್ತದೆ.

ಅದನ್ನು ಕಂಡುಹಿಡಿಯಲು ಹರಿವಿನ ಸಂವೇದಕ ಬೇಕು. ಹವ್ಯಾಸಿಗಳಲ್ಲಿ ಪ್ರಚಲಿತವಾದ ಅರ್ಧ ಇಂಚಿನ ವೈಎಫ್-ಎಸ್201 ಒಂದು ಲೀಟರಿಗೆ ಸುಮಾರು 450 ಮಿಡಿತ ಕೊಡುತ್ತದೆ. ಅದರ ಮಿತಿ ನಿಮಿಷಕ್ಕೆ 30 ಲೀಟರ್. ನಮ್ಮ 50 ಚದರ ಮೀಟರಿನ ಹುಲ್ಲುಹಾಸಿಗೆ ಗಂಟೆಗೆ 40 ಮಿ.ಮೀ. ದರದಲ್ಲಿ ನಿಮಿಷಕ್ಕೆ 33 ಲೀಟರ್ ಹರಿಯುತ್ತದೆ. ಹಾಗಾಗಿ ಒಂದು ಇಂಚಿನ ಸಂವೇದಕವನ್ನೇ ಹಾಕಬೇಕು. ಎಲ್ಲ ವಾಲ್ವ್‌ಗಳಿಗೂ ಮುಂಚೆ ಒಂದು ಮಾಸ್ಟರ್ ವಾಲ್ವ್ ಇಟ್ಟು, ಉಳಿದವನ್ನು ಮುಚ್ಚಿದ ಮೇಲೂ ಮಿಡಿತ ಬರುತ್ತಿದ್ದರೆ ಮಾಸ್ಟರ್ ವಾಲ್ವನ್ನು ಮುಚ್ಚಿಸುವುದು ಕ್ರಮ. ಮೀಟರಿನ ಈಚೆ ಸೋರಿಕೆಯ ಲಕ್ಷಣ ಕಂಡಾಗ ಗ್ರಾಹಕರಿಗೆ ಸೂಚನೆ ಕಳಿಸುವ ಏರ್ಪಾಡು ದೇವಾದ ಸ್ಮಾರ್ಟ್ ಮೀಟರ್‌ಗಳಲ್ಲೂ ಇದೆ. ಅದು ಎರಡನೆಯ ಕಾವಲು.

ವಿದ್ಯುತ್ ಭಾಗದಲ್ಲಿ ಮೂರು ಕಡೆ ಎಚ್ಚರ ಬೇಕು. ಮೊದಲನೆಯದು, 24 ವೋಲ್ಟ್ ಎಸಿಯಿಂದಲೇ ಬೋರ್ಡಿಗೂ ವಿದ್ಯುತ್ ತೆಗೆಯುವ ಆಸೆ. ಭಾರವಿಲ್ಲದಾಗ ಟ್ರಾನ್ಸ್‌ಫಾರ್ಮರ್ 28 ವೋಲ್ಟ್ ಕೊಡಬಹುದು. ಅದನ್ನು ಡಿಸಿಗೆ ತಿರುಗಿಸಿದರೆ ಶಿಖರ ಸುಮಾರು 40 ವೋಲ್ಟ್ ಮುಟ್ಟುತ್ತದೆ. ವೋಲ್ಟೇಜ್ ಇಳಿಸುವ ಅಗ್ಗದ ಎಲ್‌ಎಂ2596 ಮಾಡ್ಯೂಲಿನ ಮಿತಿಯೂ 40 ವೋಲ್ಟ್. ಬೋರ್ಡಿಗೆ ಬೇರೆ 5 ವೋಲ್ಟ್ ಅಡಾಪ್ಟರ್ ಇಡುವುದೇ ಸರಿ. ಎರಡನೆಯದು, ವಾಲ್ವ್‌ಗೆ ವಿದ್ಯುತ್ ಕೊಡುವ ರಿಲೇಗೆ ಆಯ್ದುಕೊಳ್ಳುವ ಪಿನ್. ಇಎಸ್‌ಪಿ32 ಎಚ್ಚರಗೊಳ್ಳುವ ಕ್ಷಣದಲ್ಲಿ 0, 2, 12, 15 ಮುಂತಾದ ಪಿನ್‌ಗಳನ್ನು ತನ್ನ ಆರಂಭದ ವಿಧಾನ ತಿಳಿಯಲು ಓದುತ್ತದೆ. ಅವಕ್ಕೆ ರಿಲೇ ಕಟ್ಟಿದರೆ ಪ್ರತಿ ಸಲ ವಿದ್ಯುತ್ ಬಂದಾಗ ವಾಲ್ವ್ ಒಮ್ಮೆ ತೆರೆದು ಮುಚ್ಚಬಹುದು, ಕೆಲವೊಮ್ಮೆ ಬೋರ್ಡೇ ಎಚ್ಚರಗೊಳ್ಳದಿರಬಹುದು. ಮೂರನೆಯದು, ಪೆಟ್ಟಿಗೆಯ ಜಾಗ. ಚಿಪ್ 85 ಡಿಗ್ರಿ ತಾಳುತ್ತದೆ ಎಂದಿದ್ದರೂ ಪಡುವಣ ಗೋಡೆಯ ಬಿಸಿಲಿನಲ್ಲಿ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅಡಾಪ್ಟರಿನ ಕೆಪಾಸಿಟರ್‌ಗಳು ಬಹುಕಾಲ ಬಾಳುವುದಿಲ್ಲ; ಉಷ್ಣಾಂಶ 10 ಡಿಗ್ರಿ ಏರಿದಾಗಲೆಲ್ಲ ಅವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಬೋರ್ಡು ಮನೆಯೊಳಗೋ ಗ್ಯಾರೇಜಿನ ನೆರಳಿನಲ್ಲೋ ಇರಲಿ, ತಂತಿ ಮಾತ್ರ ಅಂಗಳಕ್ಕೆ ಹೋಗಲಿ.

ಹೊತ್ತು ತಿಳಿಯುವುದು ಇಲ್ಲಿ ಸುಲಭ. ಯುಎಇ ವರ್ಷವಿಡೀ ಗ್ರೀನಿಚ್‌ಗಿಂತ 4 ಗಂಟೆ ಮುಂದೆ. ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ. ಡಿಎಸ್3231 ಗಡಿಯಾರ ಚಿಪ್ 0ರಿಂದ 40 ಡಿಗ್ರಿಯವರೆಗೆ ಹತ್ತು ಲಕ್ಷಕ್ಕೆ 2ರಷ್ಟು ಮಾತ್ರ ತಪ್ಪುತ್ತದೆ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ಗುಂಡಿ ಬ್ಯಾಟರಿಯೊಡನೆ ಇದು ಜೊತೆಗಿದ್ದರೆ ಇಂಟರ್‌ನೆಟ್ ಸಮಯಕ್ಕೆ ಕಾಯಬೇಕಿಲ್ಲ.

ಪೆಟ್ಟಿಗೆಯ ಮೇಲೆ ಪ್ರತಿ ವಾಲ್ವ್‌ಗೂ ಒಂದು ಒತ್ತುಗುಂಡಿ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಬಹಳಷ್ಟು ವಿಲ್ಲಾಗಳಲ್ಲಿ ತೋಟ ನೋಡುವವರು ಮನೆಯವರಲ್ಲ; ವಾರಕ್ಕೊಮ್ಮೆಯೋ ಎರಡು ಸಲವೋ ಬರುವ ಮಾಲಿ. ಅವರ ಫೋನಿನಲ್ಲಿ ನಮ್ಮ ಆ್ಯಪ್ ಇರುವುದಿಲ್ಲ. ಗಿಡದ ಸ್ಥಿತಿಯನ್ನು ಕಣ್ಣಾರೆ ನೋಡುವವರು ಅವರೇ, ಹಾಗಾಗಿ ನೀರು ಬಿಡುವ, ನಿಲ್ಲಿಸುವ ಅಧಿಕಾರವೂ ಅವರ ಕೈಗೆಟಕುವಂತಿರಬೇಕು.

ಕ್ಲೌಡ್‌ಗೆ ಎಷ್ಟು ಅಧಿಕಾರ

ಮನೆಯ ಬೋರ್ಡೂ ಸರ್ವರೂ ಮಾತಾಡಿಕೊಳ್ಳಲು ಹೆಚ್ಚಾಗಿ ಬಳಸುವ ಭಾಷೆ ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನು ರೂಪಿಸಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹ ಸಂಪರ್ಕದ ಮೂಲಕ ನಿಗಾ ಇಡಲು. ಸಂಪರ್ಕ ಆಗಾಗ ಕಡಿಯುತ್ತದೆ ಎಂಬ ತಿಳಿವಳಿಕೆಯ ಮೇಲೆಯೇ ಅದು ನಿಂತಿದೆ. ಬೋರ್ಡು ಮೌನವಾದರೆ ಆ ಸುದ್ದಿಯನ್ನು ಮಾಲೀಕರಿಗೆ ತಾನೇ ತಿಳಿಸುವ ಏರ್ಪಾಡೂ ಅದರಲ್ಲಿದೆ.

ಅದರ ಇನ್ನೊಂದು ಅನುಕೂಲವೇ ಅಪಾಯವೂ ಆಗಬಲ್ಲದು. ಕೊನೆಯ ಸಂದೇಶವನ್ನು ಸರ್ವರ್ ಕಾದಿಟ್ಟುಕೊಂಡು, ಮತ್ತೆ ಸಂಪರ್ಕಕ್ಕೆ ಬಂದವರಿಗೆ ಒಪ್ಪಿಸಬಲ್ಲದು. ‘ಎರಡನೇ ವಾಲ್ವ್ ತೆರೆ’ ಎಂಬ ಆಜ್ಞೆ ಹಾಗೆ ಉಳಿದಿದ್ದರೆ, ಮಧ್ಯಾಹ್ನ ವಿದ್ಯುತ್ ಹೋಗಿ ಬಂದ ಕೂಡಲೇ ಬೋರ್ಡಿಗೆ ಅದೇ ಹಳೆಯ ಆಜ್ಞೆ ಮತ್ತೆ ಸಿಗುತ್ತದೆ. ಆದ್ದರಿಂದ ಬರೀ ‘ತೆರೆ’ ಎಂಬ ಆಜ್ಞೆ ಇರಲೇಬಾರದು. ‘ಎರಡನೇ ವಾಲ್ವ್, 6 ನಿಮಿಷ, ಇಂದು ಬೆಳಿಗ್ಗೆ 5 ಗಂಟೆಯವರೆಗೆ ಮಾತ್ರ ಸಿಂಧು’ ಎಂಬ ರೂಪದಲ್ಲೇ ಆಜ್ಞೆ ಬರಬೇಕು. ಅವಧಿ ಮೀರಿದ್ದನ್ನು ಬೋರ್ಡು ತಿರಸ್ಕರಿಸಬೇಕು. ಯಾರು ಏನೇ ಕೇಳಲಿ, ಒಂದು ವಾಲ್ವ್ ಒಮ್ಮೆಗೆ ಇಂತಿಷ್ಟು ನಿಮಿಷಕ್ಕಿಂತ ಹೆಚ್ಚು ತೆರೆದಿರಬಾರದು ಎಂಬ ಮಿತಿಯನ್ನು ಬೋರ್ಡಿನಲ್ಲೇ ಬರೆದಿಡಬೇಕು.

ಸೇವೆಗಳು ಶಾಶ್ವತವಲ್ಲ ಎಂಬುದಕ್ಕೆ ಉದಾಹರಣೆಗಳಿವೆ. ಹವ್ಯಾಸಿಗಳ ನಿಯಂತ್ರಕಗಳು ಅವಲಂಬಿಸಿದ್ದ ವೆದರ್ ಅಂಡರ್‌ಗ್ರೌಂಡ್‌ನ ಉಚಿತ ಹವಾಮಾನ ಸೇವೆ 2018ರ ಕೊನೆಗೆ ನಿಂತಿತು. ಗೂಗಲ್ ತನ್ನ ಐಒಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ರಂದು ಮುಚ್ಚಿತು. ಮೈಕ್ರೋಸಾಫ್ಟ್ 2019ರಲ್ಲಿ ದುಬೈ, ಅಬುಧಾಬಿಯಲ್ಲೂ ಅಮೆಜಾನ್ 2022ರಲ್ಲಿ ಯುಎಇಯಲ್ಲೂ ದತ್ತಾಂಶ ಕೇಂದ್ರ ತೆರೆದ ಮೇಲೆ ಸರ್ವರ್ ಹತ್ತಿರ ಬಂದಿದೆ. ಆದರೆ ಮನೆಯ ರೂಟರ್ ಆರಿದ್ದರೆ ಹತ್ತಿರದ ಸರ್ವರೂ ದೂರದ್ದೇ.

ಹಾಗಾದರೆ ಕ್ಲೌಡ್ ಏನು ಮಾಡಲಿ? ಹಿಂದಿನ ದಿನದ ಉಷ್ಣಾಂಶ ನೋಡಿ ಹನ್ನೆರಡು ಅಂಕಿಗಳ ಪಟ್ಟಿಯನ್ನು ಒಂದು ಮಿತಿಯೊಳಗೆ, ಉದಾಹರಣೆಗೆ ಕಾಲು ಭಾಗದಷ್ಟು ಮಾತ್ರ, ಏರಿಸಲಿ ಅಥವಾ ಇಳಿಸಲಿ. ಎಷ್ಟು ಲೀಟರ್ ಹರಿಯಿತೆಂದು ಬರೆದಿಡಲಿ. ಸೋರಿಕೆ ಕಂಡರೆ ಫೋನಿಗೆ ಸುದ್ದಿ ಮುಟ್ಟಿಸಲಿ. ಎರಡು ದಿನ ಅದರ ದನಿ ಕೇಳಿಸದಿದ್ದರೆ ಬೋರ್ಡು ಪಟ್ಟಿಯ ಮೂಲ ಅಂಕಿಗೆ ಮರಳಿ ತನ್ನ ಪಾಡಿಗೆ ನೀರುಣಿಸುತ್ತಿರಲಿ.

ಭದ್ರತೆಗೂ ಇದೇ ನೆಲೆ. 2016ರ ಮಿರಾಯ್ ದಾಳಿಯಲ್ಲಿ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮನೆಯ ಕ್ಯಾಮೆರಾಗಳು, ರೂಟರ್‌ಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕಳ್ಳರ ವಶವಾದವು. ಎಂಕ್ಯೂಟಿಟಿಯನ್ನು ಬಯಲಾಗಿ ನಡೆಸುವ 1883ನೇ ಪೋರ್ಟ್ ಬಿಟ್ಟು, ಎನ್‌ಕ್ರಿಪ್ಟ್ ಆದ 8883ನ್ನೇ ಬಳಸಬೇಕು. ಮನೆಯ ರೂಟರಿನಲ್ಲಿ ಹೊರಗಿನವರಿಗೆ ಪೋರ್ಟ್ ತೆರೆದಿಡುವುದು ಬೇಡ. ಬೋರ್ಡೇ ಹೊರಗೆ ಕರೆ ಮಾಡಲಿ.

ತೀರ್ಮಾನ ಸ್ಥಳದಲ್ಲೇ ಆಗಬೇಕೆಂಬ ಮಾತು ಊರಿಗೂ ಅನ್ವಯಿಸುತ್ತದೆ. ಕರಾವಳಿಯ ಅಡಿಕೆ ತೋಟಗಳಲ್ಲಿ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರು ಬಹಳ ಮಂದಿ. ದೂರದಿಂದ ಪಂಪು ಹಚ್ಚಬಹುದು. ಆದರೆ ಬಾವಿ ಬತ್ತಿದಾಗ ತಾನಾಗಿ ನಿಲ್ಲುವ ಬುದ್ಧಿ ಪಂಪಿನ ಬಳಿಯೇ ಇರಬೇಕು.

ನಿರ್ಣಯ

ಮೇಲಿನ ಲೆಕ್ಕಗಳಿಂದ ಮೂರು ಮಾತು ಸಿದ್ಧವಾಗುತ್ತವೆ. ದುಬೈ, ಅಬುಧಾಬಿಯ ಅಂಗಳದಲ್ಲಿ ನೀರು ಉಳಿಯುವುದು ಮಳೆಯ ಮುನ್ಸೂಚನೆಯಿಂದಲ್ಲ, ಜುಲೈಗೂ ಜನವರಿಗೂ ಇರುವ ಎರಡೂವರೆ ಪಟ್ಟು ಅಂತರವನ್ನು ಗೌರವಿಸುವುದರಿಂದ. ಆ ಅಂತರಕ್ಕೆ ಬೇಕಾದ ಹನ್ನೆರಡು ಅಂಕಿಗಳು ಬೋರ್ಡಿನೊಳಗೇ ಇರಬಲ್ಲವಾದ್ದರಿಂದ ತೀರ್ಮಾನವನ್ನು ಹೊರಗೆ ಕಳಿಸಬೇಕಾದ ಕಾರಣವಿಲ್ಲ. ಹಾಕಲೇಬೇಕಾದ ಹೆಚ್ಚಿನ ಖರ್ಚು ಎಂದರೆ ಹರಿವಿನ ಸಂವೇದಕ, ಮಾಸ್ಟರ್ ವಾಲ್ವ್ ಮತ್ತು ಒತ್ತುಗುಂಡಿಗಳು. ಚೆಂದದ ಆ್ಯಪ್ ಅದರ ನಂತರ.

ಇಂಥ ನಿಯಂತ್ರಕ ಕಟ್ಟುವ ಕನ್ನಡಿಗರಲ್ಲಿ ಒಂದು ಕೋರಿಕೆ. ಯಂತ್ರ ಹಾಕುವ ಮೊದಲಿನ ಒಂದು ವರ್ಷದ ನೀರಿನ ಬಿಲ್ಲುಗಳನ್ನು ತೆಗೆದಿಡಿ. ಹಾಕಿದ ಮೇಲಿನ ಒಂದು ವರ್ಷದ್ದನ್ನು ತಿಂಗಳಿಗೆ ತಿಂಗಳು ಹೋಲಿಸಿ, ಹುಲ್ಲಿನ ವಿಸ್ತೀರ್ಣ ಮತ್ತು ಡಬ್ಬದ ಅಳತೆಯ ಜೊತೆಗೆ ಬರೆದು ಇತರರಿಗೂ ಕೊಡಿ. ಹನ್ನೆರಡು ತಿಂಗಳ ಮೀಟರ್ ಅಂಕಿಗಳಿಲ್ಲದೆ ನೀರು ಉಳಿಯಿತು ಎಂದು ಹೇಳುವ ಹಕ್ಕು ಯಾವ ನಿಯಂತ್ರಕಕ್ಕೂ ಇಲ್ಲ.